ಕಚೇರಿಯಾ, ಪಾಠವಾ? ಮೈಸೂರಲ್ಲಿ ಪಿಟೀಲು ಹಿಡಿದವರಿಗೆ

ಬರೀ ಸಂಗೀತ ಕಚೇರಿ ನಂಬಿದರೆ ರಾಮನವಮಿ, ಗಣೇಶ ಹಬ್ಬ, ದಸರಾ ಹೊತ್ತಿಗೆ ಕೈತುಂಬ ಕೆಲಸ. ಆಷಾಢದಲ್ಲಿ ಮದುವೆಯೂ ಇಲ್ಲ, ಫೋನೂ ಇಲ್ಲ. ಆದರೂ ಹಾಡುವವರಿಗಿಂತ ಪಿಟೀಲಿನಂಥ ಪಕ್ಕವಾದ್ಯದವರಿಗೆ ಕರೆ ಜಾಸ್ತಿ. ಒಬ್ಬರೇ ಹತ್ತು ಗಾಯಕರಿಗೆ ನುಡಿಸಬಹುದು ಅಲ್ವಾ? ಅದಕ್ಕೆ ಕೈಚಳಕ ಒಂದೇ ಸಾಲದು. ಶ್ರುತಿ, ಅಂದರೆ ಹಾಡಿನ ಆಧಾರ ಸ್ವರ, ಗಾಯಕರಿಂದ ಗಾಯಕರಿಗೆ ಬೇರೆ: ನಿನ್ನೆ ಒಂದು ಮನೆ, ಇವತ್ತು ಐದೂವರೆ. ಗೊಣಗದೆ ತಂತಿಯ ಬಿರಡೆ ತಿರುಗಿಸಿ ಕೂರಬೇಕು. ನಾನೊಮ್ಮೆ ಪಲ್ಲವಿ ನಡುವೆ ತಂತಿ ಕಿತ್ತುಹೋಗಿ, ಚೀಲದಲ್ಲಿ ಇನ್ನೊಂದಿಲ್ಲದೆ ಮೂರೇ ತಂತಿಯಲ್ಲಿ ಮುಗಿಸಿದೆ. ಆ ಗಾಯಕರು ಮತ್ತೆ ಕರೆಯಲು ಎರಡು ವರ್ಷ ಹಿಡಿಯಿತು.

ಪಾಠದಲ್ಲಿ ಈ ಭಯವಿಲ್ಲ. ತಿಂಗಳ ಮೊದಲ ವಾರ ಫೀಸು ಬರುತ್ತದೆ. ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆಗೆ ಮಕ್ಕಳೂ ಸಿಗುತ್ತಾರೆ. ತೊಂದರೆ ಸಮಯದ್ದು: ಪಾಠವೂ ಸಂಜೆ, ಕಚೇರಿಯೂ ಸಂಜೆ. ಸಂಜೆಯೆಲ್ಲ ಮಕ್ಕಳ ಮೊದಲ ಪಾಠವಾದ ಸರಳೆ ವರಸೆ ತಿದ್ದಿದ ಮೇಲೆ ಸ್ವಂತ ಸಾಧನೆಗೆ ಕಮಾನು ಎತ್ತಲು ಮನಸ್ಸೇ ಬರಲ್ಲ.

ಮೂರನೇ ದಾರಿ ಸಂಬಳದ ಕೆಲಸ. ನಮ್ಮೂರಿನ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರು ಆಕಾಶವಾಣಿಯಲ್ಲಿದ್ದುಕೊಂಡೇ ಕಚೇರಿ ಮಾಡಿದವರು. ಈಗ ಅಂಥ ಹುದ್ದೆ ಸಿಗುವುದು ಕಷ್ಟ.

ನನ್ನ ಆಯ್ಕೆ? ವಾರಕ್ಕೆ ಮೂರು ಸಂಜೆ ಪಾಠ, ಶುಕ್ರವಾರದಿಂದ ಭಾನುವಾರ ಕಚೇರಿಗೆ ಖಾಲಿ. ಬೆಳಗಿನ ಐದರಿಂದ ಏಳು ಸಾಧನೆಗೆ. ಆಗ ಯಾರ ಫೋನನ್ನೂ ಎತ್ತುವುದಿಲ್ಲ.