ಗೇಮ್ ಫೀಚರ್‌ಗೆ ಅಂದಾಜು ಹಾಕಿಕೊಡುವ ಸೇವೆ: ನಮಗೆ ಹೇಗೆ ಅನ್ನಿಸಿತು

ನಮ್ಮದು ಸಣ್ಣ ಗೇಮ್ ಸ್ಟುಡಿಯೋ. ನಾನು ಪ್ರೊಡ್ಯೂಸರ್. ಒಂದು ಫೀಚರ್‌ಗೆ ಎಷ್ಟು ಜನ ಬೇಕು, ಎಷ್ಟು ದುಡ್ಡು ಬೇಕು, ಯಾವಾಗ ಮುಗಿಯುತ್ತದೆ ಅಂತ ಹೇಳುವುದು ನನ್ನ ಜವಾಬ್ದಾರಿ. ಈ ಸಲ ಅದಕ್ಕೆ ಹೊರಗಿನವರನ್ನು ಕರೆದೆವು. ಈ ಕೆಲಸದಲ್ಲಿ ಪಳಗಿದ ಇಬ್ಬರು ಸೇರಿ ನಡೆಸುವ ಸೇವೆ ಅದು. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಎರಡು ಕಡೆ ಬೇಸರ ಆಯಿತು, ಅದನ್ನೂ ಹೇಳುತ್ತೇನೆ.

ನಮಗೆ ಬೇಕಿದ್ದದ್ದು ಇಷ್ಟೇ: ಆಟಗಾರ ಕೊಕ್ಕೆ ಎಸೆದು, ಹಗ್ಗ ಹಿಡಿದು ಮೇಲಕ್ಕೆ ಹಾರಬೇಕು. ಕೇಳಲು ಸಣ್ಣದು, ಅಲ್ವಾ? ಅವರು ಕೋಡ್ ವಿಷಯ ಆಮೇಲೆ ಎತ್ತಿದರು. ಮೊದಲು ಕೇಳಿದ್ದು, "ಇದು ಬಂದ ಮೇಲೆ ಹಳೇ ಲೆವೆಲ್‌ಗಳ ಗತಿ ಏನು?" ನಮ್ಮ ಲೆವೆಲ್ ಡಿಸೈನರ್ ಅಲ್ಲೇ ಕೋಟೆಯ ಲೆವೆಲ್ ತೆರೆದು ತೋರಿಸಿದರು. ಇಷ್ಟು ದಿನ ಆಟಗಾರನನ್ನು ತಡೆಯುತ್ತಿದ್ದ ಗೋಡೆಯನ್ನು ಈಗ ಹಾರಿಬಿಡಬಹುದು. ಬೀಗದ ಕೈ ಹುಡುಕುವುದೇ ಬೇಡ. ಆಚೆ ಬದಿಯಲ್ಲಿ ನೆಲವೇ ಇಲ್ಲ, ಮ್ಯಾಪ್‌ನಿಂದ ಹೊರಗೆ ಬೀಳುತ್ತಾನೆ. ಮೇಲೆ ಹೋದರೆ ಕ್ಯಾಮೆರಾ ಚಾವಣಿಯೊಳಗೆ ನುಗ್ಗುತ್ತದೆ. ಶತ್ರುಗಳಿಗೆ ತಲೆ ಎತ್ತಿ ನೋಡುವುದೇ ಗೊತ್ತಿಲ್ಲ. ಹಗ್ಗದಲ್ಲಿ ತೂಗುತ್ತಿರುವಾಗ ಗೇಮ್ ಸೇವ್ ಆದರೆ? ಇದರ ಮೇಲೆ ಅನಿಮೇಷನ್, ಕಂಟ್ರೋಲರ್‌ನಲ್ಲಿ ಖಾಲಿ ಬಟನ್, ಟ್ಯುಟೋರಿಯಲ್, ಅದರ ಅನುವಾದ, ಟೆಸ್ಟಿಂಗ್. ಈ ಪಟ್ಟಿಯೇ ಅವರ ಸೇವೆಯ ಜೀವಾಳ ಅಂತ ನನಗೆ ಅನ್ನಿಸಿತು.

ಅಂದಾಜನ್ನು ಟೀಮ್‌ನ ಮುಖ್ಯಸ್ಥರ (ಲೀಡ್) ಹತ್ತಿರ ಕೇಳಲಿಲ್ಲ. ಕೆಲಸ ಮಾಡುವವರನ್ನೇ ಕೂರಿಸಿಕೊಂಡು ಪ್ರತಿ ಕೆಲಸಕ್ಕೂ ಮೂರು ಅಂಕಿ ಕೇಳಿದರು: ಎಲ್ಲ ಸರಿಹೋದರೆ, ಸಾಮಾನ್ಯವಾಗಿ, ಎಲ್ಲ ಕೆಟ್ಟರೆ. ಹಗ್ಗದ ಫಿಸಿಕ್ಸ್‌ಗೆ ಪ್ರೋಗ್ರಾಮರ್ 4, 7, 16 ದಿನ ಅಂದರು. ನಡುವಿನದಕ್ಕೆ ನಾಲ್ಕು ಪಟ್ಟು ತೂಕ ಕೊಟ್ಟು, ಮೂರನ್ನೂ ಕೂಡಿ 6ರಿಂದ ಭಾಗಿಸಿದರೆ 8 ದಿನ. ಪರ್ಟ್ ಅನ್ನುವ ಹಳೇ ಲೆಕ್ಕ ಇದು, 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ಕ್ಷಿಪಣಿ ಯೋಜನೆಗೆ ಹುಟ್ಟಿದ್ದು. ನನಗೆ ಆ 8ಕ್ಕಿಂತ 16 ಜಾಸ್ತಿ ಉಪಯೋಗಕ್ಕೆ ಬಂತು. ಯಾಕೆ 16 ಅಂತ ಕೇಳಿದ್ದಕ್ಕೆ, ಚಲಿಸುವ ವಸ್ತುಗಳಿಗೂ ಕೊಕ್ಕೆ ಸಿಕ್ಕಿಕೊಳ್ಳಬೇಕಾ ಅನ್ನುವುದನ್ನು ಯಾರೂ ತೀರ್ಮಾನ ಮಾಡಿಲ್ಲ ಅನ್ನುವುದು ಹೊರಬಿತ್ತು.

ಇನ್ನಿಬ್ಬರು ಪ್ರೋಗ್ರಾಮರ್‌ಗಳನ್ನು ಸೇರಿಸಿದರೆ ಬೇಗ ಮುಗಿಯುತ್ತದೆ ಅಂತ ನಮ್ಮ ಹೂಡಿಕೆದಾರರ ವಾದ. ಇವರು ಕೆಲಸಗಳ ಸರಣಿ ಬರೆದು ತೋರಿಸಿದರು: ಎಲ್ಲ ನಿಂತಿರುವುದು ಒಬ್ಬರೇ ಅನಿಮೇಟರ್ ಮೇಲೆ. ಪ್ರೋಗ್ರಾಮರ್‌ಗಳು ಬಂದರೂ ಸುಮ್ನೆ ಕಾಯಬೇಕು. ಅಲ್ಲದೆ 4 ಜನರ ನಡುವೆ 6 ಜೋಡಿ ಮಾತುಕತೆ, 8 ಜನ ಆದರೆ 28. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಅಂತ ಸಾಫ್ಟ್‌ವೇರ್ ಎಂಜಿನಿಯರ್ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದರು. ಕೊನೆಗೆ ಸ್ವಲ್ಪ ಕಾಲಕ್ಕೆ ಒಬ್ಬ ಫ್ರೀಲಾನ್ಸ್ ಅನಿಮೇಟರ್ ಅಂತ ಆಯಿತು.

ಬಜೆಟ್ ಭಾಗ ಚೊಕ್ಕವಾಗಿದೆ. ಸಂಬಳದ ಜೊತೆ ಸಾಫ್ಟ್‌ವೇರ್ ಲೈಸೆನ್ಸ್, ರಜೆ, ಬಿಡುಗಡೆಗೆ ಮುಂಚೆ ಕನ್ಸೋಲ್ ಕಂಪನಿ ಮಾಡುವ ಪರೀಕ್ಷೆಯಲ್ಲಿ ಒಮ್ಮೆ ಫೇಲ್ ಆದರೆ ಮತ್ತೆ ಕಳಿಸುವ ಸಮಯ, ಎಲ್ಲ ಹಿಡಿದಿದ್ದಾರೆ. ಮೀಸಲು ಹಣವನ್ನು ಬೇರೆ ಸಾಲಿನಲ್ಲಿ ಇಟ್ಟಿದ್ದಾರೆ, ಕೆಲಸಗಳೊಳಗೆ ಅಡಗಿಸಿಲ್ಲ.

ಈಗ ಬೇಸರದ ಮಾತು. ಸೌಂಡ್‌ಗೆ ಒಂದೇ ಸಾಲು, "2 ದಿನ". ಸೌಂಡ್ ಮಾಡುವವರನ್ನು ಕೇಳಿಯೇ ಇಲ್ಲ. ಕೊಕ್ಕೆ ಕಲ್ಲಿಗೆ ಬಡಿದರೆ ಒಂದು ಸದ್ದು, ಮರಕ್ಕೆ ಇನ್ನೊಂದು, ಕಬ್ಬಿಣಕ್ಕೆ ಮತ್ತೊಂದು. 2 ದಿನಕ್ಕೆ ಆಗುವ ಕೆಲಸವೇ ಅಲ್ಲ. ಇನ್ನೊಂದು, ಕೊಟ್ಟ ಶೀಟ್‌ನಲ್ಲಿ ಬರೀ ಅಂಕಿಗಳಿದ್ದವು, ಫಾರ್ಮುಲಾ ಇರಲಿಲ್ಲ. ಒಂದು ಕೆಲಸ ತೆಗೆದರೆ ಒಟ್ಟು ಬದಲಾಗುವುದಿಲ್ಲ. ಫೀಚರ್ ಕತ್ತರಿಸಿ ನೋಡುವುದಕ್ಕೇ ತಾನೇ ಅಂದಾಜು ಬೇಕಿರುವುದು? ಮತ್ತೆ ಮತ್ತೆ ಕೇಳಿದ ಮೇಲೆ ಸರಿಮಾಡಿ ಕೊಟ್ಟರು.

ಆ ಸರಿಯಾದ ಶೀಟ್ ಇಟ್ಟುಕೊಂಡೇ ನಾವು ತೀರ್ಮಾನ ಮಾಡಿದೆವು: ಕೊಕ್ಕೆ ಎಲ್ಲೆಂದರಲ್ಲಿ ಸಿಕ್ಕುವುದಿಲ್ಲ, ಗುರುತು ಮಾಡಿದ ರಿಂಗ್‌ಗಳಿಗೆ ಮಾತ್ರ. ಲೆವೆಲ್ ತಿದ್ದುವ ಕೆಲಸದಲ್ಲಿ ಬಹುಪಾಲು ಅದರಿಂದಲೇ ತಪ್ಪಿತು. ನೀವು ಇಂಥ ಸೇವೆಗೆ ಹೋಗುವುದಾದರೆ ಒರಟಾಗಿಯಾದರೂ ಫೀಚರ್‌ನ ಒಂದು ಪ್ರಯೋಗದ ಮಾದರಿ (ಪ್ರೋಟೋಟೈಪ್) ಮಾಡಿಕೊಂಡು ಹೋಗಿ. ಫಾರ್ಮುಲಾ ಇರುವ ಶೀಟ್ ಬೇಕು ಅಂತ ಒಪ್ಪಂದದಲ್ಲೇ ಬರೆಸಿ.