‘ವೀಸಾ ಬೇಡ’ ಅಂದ ಮಾತ್ರಕ್ಕೆ ಒಳಗೆ ಬಿಟ್ಟೇ ಬಿಡ್ತಾರೆ ಅಂತಲ್ಲ

ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಸರಿಯಾಗಿ ನಮ್ಮ ಸೋಮವಾರಪೇಟೆ, ಕುಶಾಲನಗರ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಟೂರ್ ಪ್ಯಾಕೇಜ್ ಪೋಸ್ಟರ್‌ಗಳು ಶುರುವಾಗುತ್ತವೆ. ‘ವೀಸಾ ಬೇಡ, ಪಾಸ್‌ಪೋರ್ಟ್ ಇದ್ದರೆ ಸಾಕು.’ ಅಂಥದ್ದೇ ಒಂದರಲ್ಲಿ ದುಡ್ಡು ಕಟ್ಟಿ ನಾನೂ ನನ್ನ ಬಾಮೈದನೂ ಮಲೇಷ್ಯಾದ ಕೌಲಾಲಂಪುರಕ್ಕೆ ಹೋದೆವು. ಊರು ನೋಡಲಿಲ್ಲ. ಏರ್‌ಪೋರ್ಟಿನಿಂದಲೇ ವಾಪಸ್ ಕಳಿಸಿದರು. ಏಜೆಂಟ್ ಹೆಸರು ಇಲ್ಲಿ ಹಾಕುವುದಿಲ್ಲ. ದೂರು ಕೊಟ್ಟಾಗಿದೆ, ಅದು ಅದರ ಪಾಡಿಗೆ ನಡೆಯಲಿ.

ವೀಸಾ ಬೇಡ ಅನ್ನೋದೇನೂ ಸುಳ್ಳಲ್ಲ. 2023ರ ಡಿಸೆಂಬರ್ 1ರಿಂದ ಭಾರತದವರಿಗೆ ಮಲೇಷ್ಯಾದಲ್ಲಿ ವೀಸಾ ಇಲ್ಲದೆ 30 ದಿನ ಇರಲು ಅವಕಾಶ ಇದೆ. ಅದನ್ನು 2026ರ ಡಿಸೆಂಬರ್ 31ರವರೆಗೆ ಮುಂದುವರಿಸಿದ್ದಾರೆ. ಆದರೆ ಪೋಸ್ಟರ್‌ನಲ್ಲಿ ಹಾಕದ ಸಂಗತಿಗಳೇ ಜಾಸ್ತಿ. ಪಾಸ್‌ಪೋರ್ಟ್ ಅವಧಿ ಕನಿಷ್ಠ 6 ತಿಂಗಳು ಬಾಕಿ ಇರಬೇಕು. ವಾಪಸ್ ಬರುವ ಟಿಕೆಟ್ ಇರಬೇಕು. ಉಳಿಯುವ ಜಾಗ ಎಲ್ಲಿ ಅಂತ ತೋರಿಸಬೇಕು, ಖರ್ಚಿಗೆ ದುಡ್ಡಿದೆ ಅಂತಲೂ ತೋರಿಸಬೇಕು. ಇಳಿಯುವ ಮುಂಚಿನ 3 ದಿನದೊಳಗೆ ಎಂಡಿಎಸಿ ಅನ್ನೋ ಡಿಜಿಟಲ್ ಆಗಮನ ಕಾರ್ಡನ್ನು ಆನ್‌ಲೈನಲ್ಲಿ ತುಂಬಬೇಕು. ಇಷ್ಟೆಲ್ಲ ಇದ್ದರೂ ಒಳಗೆ ಬಿಡೋದು ಬಿಡದೇ ಇರೋದು ಕೌಂಟರಿನಲ್ಲಿ ಕೂತ ಅಧಿಕಾರಿಗೆ ಬಿಟ್ಟದ್ದು.

ನಮ್ಮ ಏಜೆಂಟ್ ಹೇಳಿದ್ದು, “ಅಣ್ಣಾ, ನೀವು ಬಟ್ಟೆ ತುಂಬಿಕೊಂಡು ಬನ್ನಿ, ಮಿಕ್ಕಿದ್ದೆಲ್ಲಾ ನಮ್ಮದು.” ಕೈಗೆ ಒಂದು ಪ್ಲಾಸ್ಟಿಕ್ ಫೈಲ್ ಕೊಟ್ಟರು. ಹೋಗುವ ಟಿಕೆಟ್, ಬರುವ ಟಿಕೆಟ್, ಹೋಟೆಲ್ ಬುಕಿಂಗ್, ಎಲ್ಲಾ ಕಲರ್ ಪ್ರಿಂಟ್. ಬೆಂಗಳೂರಿನಲ್ಲಿ ಚೆಕ್-ಇನ್ ಮಾಡಿದವರು ಬರುವ ಟಿಕೆಟ್ ಕೇಳಿದರು, ಹಾಳೆ ನೋಡಿದರು, ಬೋರ್ಡಿಂಗ್ ಪಾಸ್ ಕೊಟ್ಟರು. ಅಲ್ಲಿಗೆ ಎಲ್ಲಾ ಸರಿಯಿದೆ ಅಂದುಕೊಂಡೆವು.

ಕೌಲಾಲಂಪುರದ ಕೌಂಟರಿನಲ್ಲಿದ್ದಾಕೆ ದನಿ ಎತ್ತಿ ಮಾತಾಡಿದವರಲ್ಲ. ಎಲ್ಲಿ ಉಳಿಯುತ್ತೀರಿ, ಬುಕ್ ಮಾಡಿದ್ದು ಯಾರು, ಊರಲ್ಲಿ ಏನು ಕೆಲಸ ಅಂತ ಕೇಳಿದರು. ಬಾಮೈದ ತೋಟ ಅಂದ. ಸಂಬಳದ ಚೀಟಿ ಕೇಳಿದರು. ಸ್ವಂತ ತೋಟದವನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಆಮೇಲೆ ನಮ್ಮಿಬ್ಬರನ್ನೂ ಪಕ್ಕದ ಆಫೀಸಿಗೆ ಕರೆದುಕೊಂಡು ಹೋದರು. ಅಲ್ಲೊಬ್ಬರು ಹೋಟೆಲಿಗೆ ಫೋನ್ ಹಚ್ಚಿದರು. ನಮ್ಮ ಹೆಸರಿನ ಬುಕಿಂಗ್ ರದ್ದಾಗಿದೆ ಅಂತ ಆ ಕಡೆಯಿಂದ ಉತ್ತರ ಬಂತು. ಬರುವ ಟಿಕೆಟ್ಟಿನ ಪಿಎನ್‌ಆರ್ ಒತ್ತಿ ನೋಡಿದರು, ಅದೂ ಇಲ್ಲ. ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ನನ್ನ ಕೈಯಲ್ಲಿ ಅದೇ ನಂಬರಿನ ಕಲರ್ ಪ್ರಿಂಟ್ ಇತ್ತು. ಆಮೇಲೆ ಅವರು ಬೇರೇನೂ ಕೇಳಲಿಲ್ಲ.

ಇದು ಹೇಗೆ ನಡೆಯುತ್ತದೆ ಅಂತ ಆಮೇಲೆ ತಿಳಿಯಿತು. ದುಡ್ಡು ಕಟ್ಟದೆ ಟಿಕೆಟ್ಟನ್ನು ಸ್ವಲ್ಪ ಹೊತ್ತು ತಡೆಹಿಡಿಯಬಹುದು. ಆಗ ಪಿಎನ್‌ಆರ್ ಬರುತ್ತದೆ, ಪ್ರಿಂಟೂ ಬರುತ್ತದೆ. ಗಡುವಿನೊಳಗೆ ಹಣ ಕಟ್ಟದಿದ್ದರೆ ತಾನಾಗೇ ರದ್ದು. ಹೋಟೆಲೂ ಅಷ್ಟೇ. ಪುಕ್ಕಟೆ ಕ್ಯಾನ್ಸಲ್ ಮಾಡಬಹುದಾದ ರೂಮ್ ಬುಕ್ ಮಾಡಿ, ಪ್ರಿಂಟ್ ತೆಗೆದು, ಕ್ಯಾನ್ಸಲ್ ಮಾಡಿದರೆ ಮುಗೀತು. ನಮ್ಮ ಏಜೆಂಟ್ ಫೋನಿನಲ್ಲಿ ಕೊಟ್ಟ ಸಬೂಬು ಕೇಳಿ: ಅಲ್ಲಿ ಅವರ ಹುಡುಗನೊಬ್ಬ ಇದ್ದನಂತೆ, ರೂಮು, ವಾಪಸ್ ಟಿಕೆಟ್ ಎಲ್ಲಾ ಅವನು ಅಲ್ಲೇ ಅಗ್ಗಕ್ಕೆ ಮಾಡಿಸುತ್ತಿದ್ದನಂತೆ!

ಹೀಗೆ ತಡೆದವರಿಗೆ ಅಲ್ಲಿ ‘ನಾಟ್ ಟು ಲ್ಯಾಂಡ್’ ಅನ್ನೋ ನೋಟಿಸ್ ಕೊಡುತ್ತಾರೆ. ಆಮೇಲೆ ಒಂದು ಕೋಣೆಯಲ್ಲಿ ಕೂರಿಸುತ್ತಾರೆ. ಬ್ಯಾಗ್ ಇಲ್ಲ, ಪಾಸ್‌ಪೋರ್ಟ್ ಕೈಯಲ್ಲಿಲ್ಲ. ಏಸಿ ಅಂದರೆ ಮಡಿಕೇರಿಯ ಜುಲೈ ಚಳಿಯೇ ವಾಸಿ. ಕರೆತಂದ ಏರ್‌ಲೈನ್ಸೇ ನಮ್ಮನ್ನು ವಾಪಸ್ ಒಯ್ಯಬೇಕು ಅನ್ನೋದು ನಿಯಮ. ಅದರ ಖರ್ಚು ಮಾತ್ರ ನಮ್ಮ ತಲೆ ಮೇಲೆ ಬಿತ್ತು. ಪಾಸ್‌ಪೋರ್ಟನ್ನು ವಿಮಾನದ ಸಿಬ್ಬಂದಿಯ ಕೈಗೆ ಕೊಟ್ಟರು, ಬೆಂಗಳೂರಿನಲ್ಲಿ ಇಳಿದ ಮೇಲೆಯೇ ನಮಗೆ ಸಿಕ್ಕಿದ್ದು. ವಿಮಾನ ಹತ್ತುವಾಗ ಎಲ್ಲರೂ ತಿರುಗಿ ತಿರುಗಿ ನೋಡುತ್ತಿದ್ದರು. ಬಾಮೈದ ಊರು ಮುಟ್ಟುವವರೆಗೂ ಬಾಯಿ ಬಿಡಲಿಲ್ಲ.

ಅಧಿಕಾರಿಗಳ ಮೇಲೆ ನನಗೆ ಸಿಟ್ಟಿಲ್ಲ. ವೀಸಾ ಇಲ್ಲದ ದಾರಿಯನ್ನೇ ಹಿಡಿದು ಕೆಲಸದ ಆಸೆ ತೋರಿಸಿ ಹುಡುಗರನ್ನು ಸಾಗಿಸುವ ದಂಧೆ ದೊಡ್ಡದಿದೆ. ಥಾಯ್ಲೆಂಡಿಗೆ ಅಂತ ಕರೆದೊಯ್ದು ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆ ಕೇಂದ್ರಗಳಿಗೆ ಮಾರುತ್ತಾರೆ. ಹಾಗೆ ಸಿಕ್ಕಿಬಿದ್ದ 549 ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ಸರ್ಕಾರ ವಾಯುಪಡೆಯ ವಿಮಾನದಲ್ಲಿ ಕರೆತಂದಿತು. ಇರಾನ್‌ ಅಂತೂ 2025ರ ನವೆಂಬರ್ 22ರಿಂದ ನಮ್ಮವರಿಗೆ ವೀಸಾ ವಿನಾಯಿತಿಯನ್ನೇ ನಿಲ್ಲಿಸಿತು. ಕಾರಣ, ದಂಧೆಯವರು ಕೆಲಸ ಕೊಡಿಸ್ತೀವಿ ಅಂತ ಅಲ್ಲಿಗೆ ಕರೆದೊಯ್ದು, ಅಪಹರಿಸಿ, ಮನೆಯವರಿಂದ ಹಣ ಕೀಳುತ್ತಿದ್ದರು. ಹೀಗಿರುವಾಗ ಖೊಟ್ಟಿ ಟಿಕೆಟ್ ಹಿಡಿದುಕೊಂಡು ಬಂದ ಇಬ್ಬರು ಗಂಡಸರನ್ನು ಯಾರು ತಾನೇ ನಂಬುತ್ತಾರೆ? ‘ಟೂರಿಸ್ಟ್ ಅಂತ ಹೋಗಿ, ಅಲ್ಲಿ ಕೆಲಸ ರೆಡಿ ಇದೆ’ ಅಂತ ಯಾರಾದರೂ ನಿಮ್ಮ ಮನೆ ಹುಡುಗನಿಗೆ ಹೇಳಿದರೆ, ಅದು ಟೂರ್ ಅಲ್ಲವೇ ಅಲ್ಲ. ಗೋಣಿಕೊಪ್ಪದಲ್ಲಾಗಲಿ ವಿರಾಜಪೇಟೆಯಲ್ಲಾಗಲಿ, ಅಂಥವರ ಹೆಸರನ್ನು, ವಿದೇಶದ ಕೆಲಸಕ್ಕೆ ಕಳಿಸುವವರ ಲೆಕ್ಕ ಇಡುವ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನ ನೋಂದಾಯಿತ ಏಜೆಂಟರ ಪಟ್ಟಿಯಲ್ಲಿ ಮೊದಲು ಹುಡುಕಿ.

ಪ್ಯಾಕೇಜಿಗೆ ದುಡ್ಡು ಕಟ್ಟುವವರು ಬರುವ ಟಿಕೆಟ್ಟಿನ ಪಿಎನ್‌ಆರನ್ನು ಏರ್‌ಲೈನ್ ವೆಬ್‌ಸೈಟಿನಲ್ಲಿ ನೀವೇ ಹಾಕಿ ನೋಡಿ. ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ. ಪಿಎನ್‌ಆರ್ ಇದ್ದರಷ್ಟೇ ಸಾಲದು, ದುಡ್ಡು ಕಟ್ಟಿದ ಮೇಲಷ್ಟೇ ಸಿಗುವ ಇ-ಟಿಕೆಟ್ ನಂಬರ್ ಬಂದಿರಬೇಕು. ಹೋಟೆಲಿಗೆ ನೀವೇ ಮೇಲ್ ಹಾಕಿ ಕೇಳಿ. ಎಂಡಿಎಸಿ ಪುಕ್ಕಟೆ, ಅದರ ವಿಳಾಸ gov.my ಅಲ್ಲ ಅಂದರೆ ಮುಚ್ಚಿಬಿಡಿ. ಥಾಯ್ಲೆಂಡಿನ ಇಂಥದ್ದೇ ಟಿಡಿಎಸಿ ಕಾರ್ಡಿಗೂ ಕಾಸಿಲ್ಲ, ಅದು 2025ರ ಮೇ 1ರಿಂದ ಕಡ್ಡಾಯವಾಗಿದೆ. ಸಂಬಳದ ಚೀಟಿ ಇಲ್ಲದ ನಮ್ಮಂಥವರು ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ. ಇನ್ನು ‘ಮಲೇಷ್ಯಾದಿಂದ ಬಸ್ಸಲ್ಲಿ ಹಾಗೇ ಸಿಂಗಾಪುರ’ ಅನ್ನೋ ಆಮಿಷ. ಸಿಂಗಾಪುರ ನೋಡಲು ಹೋಗುವುದಾದರೆ ನಮ್ಮ ಪಾಸ್‌ಪೋರ್ಟಿಗೆ ಮೊದಲೇ ವೀಸಾ ಮಾಡಿಸಿರಬೇಕು.

ನಮ್ಮ ದುಡ್ಡು ಇನ್ನೂ ಬಂದಿಲ್ಲ. ಆ ಏಜೆಂಟ್ ಮೊನ್ನೆ ಹೊಸ ಸ್ಟೇಟಸ್ ಹಾಕಿದ್ದಾರೆ: ಹನೋಯ್ ಟೂರ್, ವೀಸಾ ಬೇಡ. ವಿಯೆಟ್ನಾಂನ ಹನೋಯ್‌ಗೆ ನಮಗೆ ವೀಸಾ ಬೇಕೇ ಬೇಕು.