ಕೋನೋ ವೀಡರ್: ಹಲವು ಮಳೆಗಾಲ ನೂಕಿದ ಮೇಲೆ

ಭತ್ತದ ಕಳೆಗೆ ಕೋನೋ ವೀಡರ್ (ಸಾಲುಗಳ ನಡುವೆ ಕೈಯಲ್ಲಿ ನೂಕುವ ಕಳೆ ಯಂತ್ರ) ತಗೊಳ್ಳಬಹುದಾ ಅಂತ ಹಳಿಯಾಳದ ಕಡೆಯ ನೆಂಟರು ಫೋನಿನಲ್ಲಿ ಕೇಳುತ್ತಲೇ ಇರುತ್ತಾರೆ. ಸಾಲು ನಾಟಿ ಮಾಡುವವರಾದರೆ ತಗೊಳ್ಳಿ, ಇಲ್ಲವಾದರೆ ದುಡ್ಡು ದಂಡ. ನಾನು ಗೋವಾದ ಪೋಂಡಾ ಹತ್ತಿರ ಗೇಣಿಗೆ ಹಿಡಿದಿರುವುದು ಖೇರ್ ಜಮೀನು, ಅಂದರೆ ಮಳೆಯಾಶ್ರಿತ ಮರಳು ಮಿಶ್ರಿತ ಗದ್ದೆ, ಉಪ್ಪುನೀರಿನ ಕಾಟವಿಲ್ಲ. ಬೆಳೆಯುವುದು ಜ್ಯೋತಿ ತಳಿಯ ಭತ್ತ, ಕುಚ್ಚಲಕ್ಕಿಗೆ.

ಯಂತ್ರ ಸರಳ. ಹಲ್ಲುಪಟ್ಟಿ ಇರುವ ಎರಡು ಮೊಂಡು ಶಂಕುಗಳು ಎದುರುಬದುರು ದಿಕ್ಕಿಗೆ, ಮುಂದೆ ಕೆಸರಿನ ಮೇಲೆ ಜಾರುವ ತಗಡು, ಹಿಂದೆ ಹಿಡಿ. ತೂಕ ಸುಮಾರು 6-7 ಕಿಲೋ. ಮುಂದೆ ನೂಕಿ ಸ್ವಲ್ಪ ಹಿಂದೆ ಎಳೆದು ಮತ್ತೆ ನೂಕಬೇಕು. ಇದು ಕಳೆಯನ್ನು ಕಿತ್ತು ಅಲ್ಲೇ ಕೆಸರಲ್ಲಿ ಹುಗಿಯುತ್ತದೆ. ಹಾಗಾಗಿ ಎಳೆ ಕಳೆಗೆ ಮಾತ್ರ ಮದ್ದು. ನಾಟಿಯಾದ 10-12 ದಿನಕ್ಕೆ ಮೊದಲ ಸಲ, ಆಮೇಲೆ 10 ದಿನಕ್ಕೊಮ್ಮೆ, ಪೈರು ಸಾಲು ಮುಚ್ಚುವ ತನಕ. ಒಂದು ವಾರ ತಡವಾದರೆ ಉದ್ದ ಹುಲ್ಲು ಅಚ್ಚಿಗೆ ಸುತ್ತಿಕೊಂಡು ಶಂಕು ತಿರುಗುವುದೇ ನಿಲ್ಲುತ್ತದೆ, ಕುಡುಗೋಲಿನಿಂದ ಬಿಡಿಸುತ್ತ ಕೂರಬೇಕು.

ನೀರು 2-3 ಸೆಂ.ಮೀ. ಇದ್ದರೆ ಸಾಕು. ಗೋವಾದ ಜುಲೈಯಲ್ಲಿ ಇದೇ ದೊಡ್ಡ ತಲೆನೋವು. ಬದು ಕಡಿದು ನೀರು ಬಿಟ್ಟು ಸಾಲು ಹಿಡಿಯುವಷ್ಟರಲ್ಲಿ ಇನ್ನೊಂದು ಮಳೆ. ನೀರು ಹೆಚ್ಚಾದರೆ ಯಂತ್ರ ಮೇಲೆ ಮೇಲೆ ತೇಲುತ್ತದೆ, ಕಿತ್ತ ಕಳೆ ಪಕ್ಕಕ್ಕೆ ಹೋಗಿ ಬೇರು ಬಿಡುತ್ತದೆ.

ಇನ್ನು ಸಾಲಿನ ಮಾತು. ನಾಟಿಗೆ ಬರುವವರು ಗದಗ, ಬಾಗಲಕೋಟೆ ಕಡೆಯ ಹೆಂಗಸರು. 25 ಸೆಂ.ಮೀ.ಗೆ ಗಂಟು ಹಾಕಿದ ಹಗ್ಗ ಕಂಡು ಮೊದಲ ವರ್ಷ ಒಬ್ಬ ಅಕ್ಕ, "ನಾಟಿ ಹಚ್ಚಾಕ ಕರದೀರೋ, ಗ್ವಾಡಿ ಕಟ್ಟಾಕ ಕರದೀರೋ ಅಣ್ಣಾ?" ಅಂದಿದ್ದರು. ಈಗ ಅವರೇ ಹಗ್ಗ ಕೇಳಿ ತಗೊಳ್ಳುತ್ತಾರೆ. 20 ಸೆಂ.ಮೀ. ಸಾಲಲ್ಲೂ ನೂಕಿ ನೋಡಿದ್ದೇನೆ. ತೆಂಡೆ (ಬುಡದ ಕವಲು) ಒಡೆದ ಮೇಲೆ ಪೈರಿಗೇ ಪೆಟ್ಟು.

ಬುಡಕ್ಕೆ ಅಂಟಿ ಬೆಳೆಯುವ ಹುಲ್ಲು ಯಂತ್ರಕ್ಕೆ ಸಿಗುವುದಿಲ್ಲ. ಅದರಲ್ಲೂ ಭತ್ತದ ಸಸಿಯಂತೆಯೇ ನಟಿಸುವ ಒಂದು ಹುಲ್ಲಿದೆಯಲ್ಲ, ಅದು ಮಹಾ ಕಳ್ಳ. ಎಲೆ ಕಾಂಡಕ್ಕೆ ಸೇರುವ ಕಡೆ ಬಿಡಿಸಿ ನೋಡಿ: ಭತ್ತಕ್ಕೆ ಅಲ್ಲಿ ತೆಳ್ಳನೆಯ ಬಿಳಿ ಪೊರೆ ಇರುತ್ತದೆ, ಈ ಹುಲ್ಲಿಗೆ ಬರೀ ನುಣುಪು. ಕೈಯಲ್ಲೇ ಕೀಳಬೇಕು. ಜೇಕು ವಿಪರೀತ ಬಂದ ಮೂಲೆಗೆ ಮಾತ್ರ ಬಿಸ್ಪೈರಿಬ್ಯಾಕ್ ಸೋಡಿಯಂ ಅನ್ನುವ ಕಳೆನಾಶಕ ಹೊಡೆಯುತ್ತೇನೆ, ನಾಟಿಯಾದ 15-25 ದಿನದೊಳಗೆ, ನೀರು ಬಸಿದು. 2-3 ದಿನದಲ್ಲಿ ಮತ್ತೆ ನೀರು ಕಟ್ಟಬೇಕು.

ಬಾಳಿಕೆ ಸಾಧಾರಣ. ಶಂಕುವಿನ ಬುಷ್ ಎರಡನೇ ಮಳೆಗಾಲಕ್ಕೇ ಸವೆದು ಗಡಗಡ ಅನ್ನತೊಡಗಿತು. ಕೊಟ್ಟ ಅಂಗಡಿಯವರ ಪ್ರಕಾರ ಬಿಡಿಭಾಗ ಇನ್ನೂ "ದಾರಿಯಲ್ಲಿದೆ". ಕೊನೆಗೆ ಲೇಥ್ ಅಂಗಡಿಯವನು ನೈಲಾನ್ ಬುಷ್ ಕಡೆದು ಕೊಟ್ಟ, ಅದು ಮೂಲದ್ದಕ್ಕಿಂತ ಗಟ್ಟಿ. ಬದುವಿನ ಪಕ್ಕದ ಚಿರೇಕಲ್ಲಿನ ಚೂರುಗಳಿಗೆ ಹಲ್ಲು ಬಾಗುತ್ತದೆ, ಅಂಚಿನ ಸಾಲು ಕೈಗೇ ಬಿಡಿ. ಸಂಜೆ ತೊಳೆದು ಗ್ರೀಸ್ ಹಚ್ಚದಿದ್ದರೆ ತುಕ್ಕು ಗ್ಯಾರಂಟಿ.

ನೂಕುವುದು ಸುಲಭವೇನಲ್ಲ, ಮೊದಲ ದಿನ ಭುಜ ಹಿಡಿದುಕೊಳ್ಳುತ್ತದೆ. ಆದರೂ ಕಳೆ ಕೀಳಲು ಆಳು ಸಿಗದ ಈ ಕಾಲದಲ್ಲಿ ಬಗ್ಗದೆ, ನಿಂತೇ ಮಾಡಬಹುದಾದ ಕೆಲಸ. ಐದಕ್ಕೆ ಮೂರೂವರೆ ಕೊಡುತ್ತೇನೆ. ಖಾಜನ್ ಗದ್ದೆಯವರು (ಉಪ್ಪುನೀರಿನ ಹೊಳೆಪಕ್ಕ ಒಡ್ಡು ಕಟ್ಟಿದ ತಗ್ಗು ಗದ್ದೆ) ಮಾತ್ರ ಕೊಳ್ಳುವ ಮೊದಲು ಯಾರದಾದರೂ ಎರವಲು ತಂದು ಒಂದು ಸಾಲು ನೂಕಿ ನೋಡಿ. ಪಕ್ಕದವರ ಆಳದ ಕೆಸರಿನಲ್ಲಿ ನನ್ನದು ಅಚ್ಚಿನವರೆಗೆ ಹೂತು ಅಲ್ಲಾಡಲೇ ಇಲ್ಲ.